ನಾಯಿಗೊಂದು ಹಿಮತಿನಿಸು

ವೈಶಾಖದ ನಡುಹಗಲಿನಲ್ಲಿ ಜಗಲಿಯ ನೆರಳಿನಲ್ಲಿ ಮೈಚಾಚಿ, ನಾಲಗೆಯನ್ನು ಹೊರಚೆಲ್ಲಿ ತೇಕುತ್ತಿರುವ ನಾಯಿಯನ್ನು ಕಂಡರೆ ಮರುಕಪಡದವರು ವಿರಳ. ಮಜ್ಜಿಗೆಯನ್ನೋ ಹಣ್ಣಿನ ತಿರುಳನ್ನೋ ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಸಿ, ಅದನ್ನು ನಾಯಿಗೆ ನೆಕ್ಕಲು ಕೊಡುವ ರೂಢಿ ಈಚೆಗೆ ಅನೇಕ ಮನೆಗಳಲ್ಲಿ ಬೆಳೆದಿದೆ. ಇದನ್ನು ಹಿಮತಿನಿಸು ಎಂದು ಕರೆಯೋಣ. ಇದು ನಾಯಿಯ ಮೈಯನ್ನು ನಿಜವಾಗಿಯೂ ತಂಪುಗೊಳಿಸುತ್ತದೆಯೆ? ಹೌದಾದರೆ ಎಷ್ಟರಮಟ್ಟಿಗೆ? ಹೇಗೆ ತಯಾರಿಸಿದರೆ ಹಿತ, ಹೇಗೆ ತಯಾರಿಸಿದರೆ ಅಪಾಯ? ಪ್ರೌಢಶಾಲೆಯಲ್ಲಿ ನಾವು ಕಲಿಯುವ ಉಷ್ಣವಿಜ್ಞಾನವೇ ಈ ಪ್ರಶ್ನೆಗಳಿಗೆ ಬಹುಮಟ್ಟಿಗೆ ಉತ್ತರ ಕೊಡಬಲ್ಲುದು.

ನಾಯಿ ತೇಕುವುದೇಕೆ?

ಸೆಕೆಯಾದಾಗ ಮನುಷ್ಯನ ಮೈಯೆಲ್ಲ ಬೆವರುತ್ತದೆ. ಆ ಬೆವರು ಆವಿಯಾಗುವಾಗ ಚರ್ಮದಿಂದ ಉಷ್ಣವನ್ನು ಹೀರಿಕೊಂಡು ಹೋಗುತ್ತದೆ. ನಾಯಿಗೆ ಈ ಅನುಕೂಲವಿಲ್ಲ. ಅದರ ಬೆವರಿನ ಗ್ರಂಥಿಗಳು ಮುಖ್ಯವಾಗಿ ಅಂಗಾಲಿನ ಮೆತ್ತೆಗಳಲ್ಲಿವೆ. ಅವುಗಳಿಂದಾಗುವ ಪ್ರಯೋಜನ ಅತ್ಯಲ್ಪ. ಆದ್ದರಿಂದ ನಾಯಿಯು ತನ್ನ ನಾಲಗೆ, ಬಾಯಿ ಮತ್ತು ಮೂಗಿನ ತೇವದ ಮೇಲೆ ಗಾಳಿಯನ್ನು ವೇಗವಾಗಿ ಹಾಯಿಸಿ ನೀರನ್ನು ಆವಿ ಮಾಡುತ್ತದೆ. ತೇಕುವುದೆಂದರೆ ಇದೇ. ಮೈಯ ಬಿಸಿಯಲ್ಲಿ 1 ಗ್ರಾಮ್ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಉಷ್ಣ ಬೇಕು. ಅಷ್ಟು ಉಷ್ಣವೂ ಬಹುಮಟ್ಟಿಗೆ ನಾಯಿಯ ರಕ್ತದಿಂದಲೇ ಹೊರಡುತ್ತದೆ.

ಆರೋಗ್ಯವಂತ ನಾಯಿಯ ಮೈಯುಷ್ಣತೆ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಸುತ್ತಲಿನ ಗಾಳಿ ಇದಕ್ಕಿಂತ ಬಿಸಿಯಾದಾಗ ಉಷ್ಣವು ಮೈಯಿಂದ ಗಾಳಿಗೆ ಹೋಗುವುದರ ಬದಲು ಗಾಳಿಯಿಂದ ಮೈಗೆ ಬರುತ್ತದೆ. ಆಗ ಆವಿಯಾಗುವಿಕೆಯೊಂದೇ ಗತಿ. ರಾಯಚೂರಿನ ಒಣ ಬೇಸಗೆಯಲ್ಲಿ ಈ ಕ್ರಿಯೆ ಚೆನ್ನಾಗಿ ನಡೆಯುತ್ತದೆ, ಆದರೆ ನಾಯಿಗೆ ನೀರು ಬಹಳ ಬೇಕು. ಮಂಗಳೂರಿನಲ್ಲಿ ಉಷ್ಣತೆ ಕಡಮೆಯಿದ್ದರೂ ಗಾಳಿಯಲ್ಲಿ ಈಗಾಗಲೇ ನೀರಾವಿ ತುಂಬಿರುವುದರಿಂದ ತೇಕಿದರೂ ಫಲ ಕಡಮೆ. ನಾಯಿಯ ಜಾತಿಯೂ ಮುಖ್ಯ. ನಮ್ಮ ಮುಧೋಳದ ಬೇಟೆನಾಯಿಯ ಉದ್ದ ಮೂತಿ, ಸಪುರ ಮೈ, ಗಿಡ್ಡ ಕೂದಲು ಇವೆಲ್ಲ ಉಷ್ಣವನ್ನು ಹೊರದೂಡಲು ಅನುಕೂಲ. ಚಪ್ಪಟೆ ಮೂತಿಯ ಪಗ್ ನಾಯಿಗಾದರೋ ಗಾಳಿಯ ದಾರಿಯೇ ಇಕ್ಕಟ್ಟು. ಅದು ಬೇಗ ಬಸವಳಿಯುತ್ತದೆ.

ತಂಪಿನ ಲೆಕ್ಕ

ಮಂಜುಗಡ್ಡೆ ಕರಗುವಾಗ ಉಷ್ಣವನ್ನು ಹೀರುತ್ತಿದ್ದರೂ ಅದರ ಉಷ್ಣತೆ ಏರುವುದಿಲ್ಲ. 1760ರ ದಶಕದ ಆರಂಭದಲ್ಲಿ ಗ್ಲಾಸ್ಗೋ ನಗರದಲ್ಲಿ ಜೋಸೆಫ್ ಬ್ಲ್ಯಾಕ್ ಎಂಬ ವಿಜ್ಞಾನಿ ಇದನ್ನು ಪ್ರಯೋಗಗಳಿಂದ ತೋರಿಸಿ, ಹೀಗೆ ಅಡಗಿಹೋಗುವ ಉಷ್ಣಕ್ಕೆ ಗುಪ್ತೋಷ್ಣವೆಂಬ ಹೆಸರಿಟ್ಟನು. ಮಂಜುಗಡ್ಡೆಯ ಗುಪ್ತೋಷ್ಣ ಗ್ರಾಮಿಗೆ 80 ಕ್ಯಾಲೊರಿ.

ಈಗ ಫ್ರೀಜರಿನಿಂದ ತೆಗೆದ, ಸೊನ್ನೆಗಿಂತ 18 ಡಿಗ್ರಿ ಕೆಳಗಿರುವ 50 ಗ್ರಾಮ್ ಮಂಜುಗಡ್ಡೆಯನ್ನು ನಾಯಿ ತಿಂದಿತೆನ್ನೋಣ. ಪ್ರತಿ ಗ್ರಾಮೂ ಸೊನ್ನೆ ಡಿಗ್ರಿಗೆ ಏರಲು 9, ಕರಗಲು 80, ಆ ನೀರು ಮೈಯ ಬಿಸಿಗೆ ಬರಲು 38.5, ಅಂತು 127.5 ಕ್ಯಾಲೊರಿ ಉಷ್ಣವನ್ನು ಹೀರುತ್ತದೆ. 50 ಗ್ರಾಮಿಗೆ ಒಟ್ಟು 6,375 ಕ್ಯಾಲೊರಿ. ಆಹಾರಶಾಸ್ತ್ರದಲ್ಲಿ ಬಳಸುವ ಕಿಲೊಕ್ಯಾಲೊರಿಯಲ್ಲಿ ಹೇಳುವುದಾದರೆ ಸುಮಾರು 6.4.

ಇದು ಹೆಚ್ಚೋ ಕಡಮೆಯೋ? 15 ಕಿಲೊಗ್ರಾಮ್ ತೂಕದ ನಾಯಿ ಸುಮ್ಮನೆ ಮಲಗಿದ್ದರೂ ಅದರ ಮೈಯಲ್ಲಿ ಗಂಟೆಗೆ ಸುಮಾರು 22 ಕಿಲೊಕ್ಯಾಲೊರಿ ಉಷ್ಣ ಹುಟ್ಟುತ್ತದೆ. ಎಂದರೆ, ನಮ್ಮ ಹಿಮತಿನಿಸು ತೆಗೆದುಹಾಕುವುದು ಹದಿನೇಳು ನಿಮಿಷಗಳ ಉಷ್ಣವನ್ನು ಮಾತ್ರ. ನಾಯಿಯ ನಾಲಗೆಯಿಂದ 11 ಗ್ರಾಮ್, ಎಂದರೆ ಎರಡು ಸಣ್ಣ ಚಮಚೆಯಷ್ಟು ನೀರು ಆವಿಯಾದರೂ ಇಷ್ಟೇ ಕೆಲಸವಾಗುತ್ತದೆ!

ಹಾಗಾದರೆ ಹಿಮತಿನಿಸು ವ್ಯರ್ಥವೆ? ಅಲ್ಲ. ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದುವರಿಸೋಣ. ಕರಗಿದ ಆ 50 ಗ್ರಾಮ್ ನೀರಿನಲ್ಲಿ ಅರ್ಧದಷ್ಟು ಮುಂದೆ ತೇಕುವಾಗ ಆವಿಯಾಗಿ ಹೋದರೂ ಸಾಕು, ಅದು 14,500 ಕ್ಯಾಲೊರಿ ಉಷ್ಣವನ್ನು ಹೊರಗೊಯ್ಯುತ್ತದೆ. ಶೈತ್ಯದಿಂದಾದ ಲಾಭಕ್ಕೆ ಇದು ಎರಡರಷ್ಟಕ್ಕೂ ಹೆಚ್ಚು. ಹಿಮತಿನಿಸಿನ ದೊಡ್ಡ ಉಪಯೋಗವಿರುವುದು ಅದರ ಶೈತ್ಯದಲ್ಲಿ ಅಲ್ಲ, ಅದರ ನೀರಿನಲ್ಲಿ. ಬಿಸಿಲಿನಲ್ಲಿ ಬಟ್ಟಲಿನ ನೀರನ್ನು ಮೂಸಿ ಬಿಟ್ಟುಬಿಡುವ ನಾಯಿಯೂ ಮಜ್ಜಿಗೆಯ ಗಡ್ಡೆಯನ್ನು ಆಸೆಯಿಂದ ನೆಕ್ಕಿ ನೀರನ್ನು ಒಳಗೆ ತೆಗೆದುಕೊಳ್ಳುತ್ತದೆ.

ಇದರಿಂದ ಇನ್ನೊಂದು ಮಾತೂ ಹೊಳೆಯುತ್ತದೆ. 50 ಗ್ರಾಮ್ ಐಸ್‌ಕ್ರೀಮಿನಲ್ಲಿ ಸುಮಾರು 100 ಕಿಲೊಕ್ಯಾಲೊರಿ ಆಹಾರಶಕ್ತಿಯಿದೆ. ಅದರ ಶೈತ್ಯ ಆರು ಕಿಲೊಕ್ಯಾಲೊರಿಯನ್ನೂ ಮುಟ್ಟದು. ಆ ಶಕ್ತಿ ಮೈಯಲ್ಲಿ ನಿಧಾನವಾಗಿ ಉರಿದು ಉಷ್ಣವಾಗುತ್ತದೆ, ಇಲ್ಲವೆ ಕೊಬ್ಬಾಗಿ ಚರ್ಮದಡಿಯಲ್ಲಿ ನೆಲಸಿ ಉಷ್ಣ ಹೊರಹೋಗದಂತೆ ಕಂಬಳಿ ಹೊದಿಸುತ್ತದೆ. ಒಂದು ಪಾಲು ಮೊಸರಿಗೆ ಮೂರು ಪಾಲು ನೀರು ಬೆರಸಿದ ತೆಳುಮಜ್ಜಿಗೆಯ 50 ಗ್ರಾಮಿನಲ್ಲಿ ಆಹಾರಶಕ್ತಿ ಏಳೆಂಟು ಕಿಲೊಕ್ಯಾಲೊರಿ ಮಾತ್ರ. ತಿನಿಸು ತೆಳುವಾದಷ್ಟೂ ಲೇಸು.

ತಯಾರಿಸುವ ಬಗೆ

ಉಪ್ಪು, ಮೆಣಸಿನಕಾಯಿ, ಒಗ್ಗರಣೆ ಯಾವುದೂ ಇಲ್ಲದ ತೆಳುಮಜ್ಜಿಗೆ. ಬೀಜ, ಸಿಪ್ಪೆ ತೆಗೆದ ಕಲ್ಲಂಗಡಿಯ ತಿರುಳು. ಉಪ್ಪಿಲ್ಲದ ಅನ್ನದ ಗಂಜಿಯ ತಿಳಿ. ಇವುಗಳಲ್ಲಿ ಯಾವುದಾದರೂ ಆದೀತು. ರುಚಿಗೆ ಒಂದೆರಡು ಬಿಲ್ಲೆ ಬಾಳೆಹಣ್ಣನ್ನು ಕಿವುಚಿ ಸೇರಿಸಬಹುದು. ಹಾಲಿನಲ್ಲಿರುವ ಸಕ್ಕರೆ ಬೆಳೆದ ನಾಯಿಗಳಲ್ಲಿ ಅನೇಕಕ್ಕೆ ಜೀರ್ಣವಾಗದು. ಮೊಸರಿನಲ್ಲಿ ಅದು ಸ್ವಲ್ಪ ಕಡಮೆ.

ಶುದ್ಧ ನೀರಿನ ಗಡ್ಡೆ ಕಲ್ಲಿನಂತೆ ಗಟ್ಟಿ. ಕಡಿದರೆ ನಾಯಿಯ ಹಲ್ಲು ಸೀಳಬಹುದು. ಮಜ್ಜಿಗೆ ಅಥವಾ ಹಣ್ಣಿನ ರಸ ಹೆಪ್ಪುಗಟ್ಟುವಾಗ ನೀರಷ್ಟೇ ಹರಳುಗಟ್ಟುತ್ತದೆ. ಕರಗಿದ್ದ ಪದಾರ್ಥಗಳು ಗಾಢವಾದ ದ್ರವವಾಗಿ ಹರಳುಗಳ ನಡುವೆ ಉಳಿಯುವುದರಿಂದ ಗಡ್ಡೆ ಮೆತ್ತಗಿರುತ್ತದೆ. ದ್ರವವನ್ನು ಅಗಲವಾದ ಪ್ಲಾಸ್ಟಿಕ್ ಬಟ್ಟಲಿನಲ್ಲಿ ಒಂದು ಸೆಂಟಿಮೀಟರಿನಷ್ಟು ತೆಳುವಾಗಿ ಹರಡಿ ಹೆಪ್ಪುಗಟ್ಟಿಸುವುದು ಒಳ್ಳೆಯದು. ದಪ್ಪ ಹೆಚ್ಚಿದಷ್ಟೂ ಹೆಪ್ಪುಗಟ್ಟಲು ಹಿಡಿಯುವ ಕಾಲವೂ ಹೆಚ್ಚುತ್ತದೆ. ನೀರು ಗಡ್ಡೆಯಾಗುವಾಗ ಶೇಕಡ 9ರಷ್ಟು ಹಿಗ್ಗುವುದರಿಂದ ಬಟ್ಟಲನ್ನು ಕಂಠಮಟ್ಟ ತುಂಬಬಾರದು.

ಲೋಹದ ಪಾತ್ರೆ ಬೇಡ. ಲೋಹವು ಉತ್ತಮ ಉಷ್ಣವಾಹಕ. ತೀರ ತಣ್ಣಗಿರುವಾಗ ನೆಕ್ಕಿದರೆ ಎಂಜಲು ಕ್ಷಣದಲ್ಲಿ ಹೆಪ್ಪುಗಟ್ಟಿ ನಾಲಗೆ ಅಂಟಿಕೊಳ್ಳುತ್ತದೆ. ಪ್ಲಾಸ್ಟಿಕ್ ಬಟ್ಟಲನ್ನು ಕೂಡ ಹೊರತೆಗೆದು ಐದಾರು ನಿಮಿಷ ಬಿಡಬೇಕು. ಗಡ್ಡೆಯ ಮೇಲ್ಮೈ ಒದ್ದೆಯಾಗಿ ಹೊಳೆಯತೊಡಗಿದರೆ ಅದು ಸೊನ್ನೆ ಡಿಗ್ರಿಗೆ ಬಂದಿದೆಯೆಂದೇ ಅರ್ಥ. ಬಟ್ಟಲಿನಲ್ಲಿಯೇ ನೆಕ್ಕಲು ಕೊಟ್ಟರೆ ತುಂಡು ಗಂಟಲಿಗೆ ಸಿಕ್ಕುವ ಭಯವಿರದು.

ಫ್ರೀಜರಿಲ್ಲದವರು ಮೂರು ಪಾಲು ಮಂಜುಗಡ್ಡೆಯ ಪುಡಿಗೆ ಒಂದು ಪಾಲು ಉಪ್ಪನ್ನು ಬೆರಸಿ, ಆ ಮಿಶ್ರಣದ ನಡುವೆ ಮುಚ್ಚಳವುಳ್ಳ ಡಬ್ಬಿಯನ್ನು ಹೂತಿಡಬಹುದು. ಈ ಮಿಶ್ರಣದ ಉಷ್ಣತೆ ಸೊನ್ನೆಗಿಂತ 21 ಡಿಗ್ರಿಯವರೆಗೂ ಇಳಿಯಬಲ್ಲುದು. ಆದರೆ ಉಳಿದ ಉಪ್ಪುನೀರು ನಾಯಿಗೆ ವಿಷಪ್ರಾಯ. ಅದನ್ನು ಕೂಡಲೇ ಚೆಲ್ಲಬೇಕು.

ವರ್ಜ್ಯವಾದವು

ನಮಗೆ ಹಿತವಾದದ್ದೆಲ್ಲ ನಾಯಿಗೆ ಹಿತವಲ್ಲ. ಚಾಕೊಲೇಟಿನಲ್ಲಿರುವ ಥಿಯೊಬ್ರೊಮಿನ್ ಅದರ ಹೃದಯವನ್ನು ಕಂಗೆಡಿಸುತ್ತದೆ. ಈರುಳ್ಳಿ, ಬೆಳ್ಳುಳ್ಳಿಗಳು ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಸಕ್ಕರೆರಹಿತ ತಿನಿಸುಗಳಲ್ಲಿ ಬಳಸುವ ಕ್ಸೈಲಿಟಾಲ್ ನಾಯಿಯ ರಕ್ತದ ಸಕ್ಕರೆಯನ್ನು ಅಪಾಯಕರವಾಗಿ ಇಳಿಸುತ್ತದೆ. ದ್ರಾಕ್ಷಿ, ಒಣದ್ರಾಕ್ಷಿಗಳು ಮೂತ್ರಪಿಂಡವನ್ನು ಕೆಡಿಸಬಲ್ಲವು. ಅವುಗಳಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವಿರಬೇಕೆಂದು 2021ರಿಂದೀಚೆಗೆ ಪಶುವೈದ್ಯರು ಅಭಿಪ್ರಾಯಪಟ್ಟಿದ್ದಾರೆ. ಅದೇ ಆಮ್ಲ ಹುಣಸೆಹಣ್ಣಿನಲ್ಲಿ ಹೇರಳವಾಗಿರುವುದರಿಂದ ಹುಣಸೆಯ ಪಾನಕವೂ ಸಾರೂ ನಾಯಿಯ ಬಟ್ಟಲಿಗೆ ಬೀಳಬಾರದು.

ಉಷ್ಣಾಘಾತವಾದಾಗ

ಮೈಯುಷ್ಣತೆ 41 ಡಿಗ್ರಿಯನ್ನು ದಾಟಿದರೆ ನಾಯಿಯ ಪ್ರಾಣಕ್ಕೇ ಸಂಚಕಾರ. ಬಿಡುವಿಲ್ಲದ ಏದುಸಿರು, ಅಂಟಾದ ಜೊಲ್ಲು, ಕಡುಗೆಂಪು ವಸಡು, ತೂರಾಡುವ ನಡಿಗೆ, ವಾಂತಿ ಇವು ಅದರ ಲಕ್ಷಣಗಳು. ಆಗ ಹಿಮತಿನಿಸನ್ನು ನೆಚ್ಚಲಾಗದು. 15 ಕಿಲೊಗ್ರಾಮ್ ನಾಯಿಯ ಉಷ್ಣತೆಯನ್ನು 2 ಡಿಗ್ರಿ ಇಳಿಸಲು ಸುಮಾರು 25,000 ಕ್ಯಾಲೊರಿ ಉಷ್ಣವನ್ನು ತೆಗೆಯಬೇಕು. ಅದಕ್ಕೆ ಅಂಥ ನಾಲ್ಕು ತಿನಿಸುಗಳನ್ನು ಒಮ್ಮೆಗೇ ತುರುಕಬೇಕಾದೀತು. ಅರೆಪ್ರಜ್ಞೆಯ ನಾಯಿಗೆ ಅವು ಗಂಟಲಲ್ಲಿ ಸಿಕ್ಕಿ ಉಸಿರು ಕಟ್ಟಿಸಬಹುದು. ಆದರೆ ಮೈಮೇಲೆ ಸುರಿದ ನೀರಿನಲ್ಲಿ 43 ಗ್ರಾಮ್ ಚರ್ಮದಿಂದಲೇ ಉಷ್ಣ ಪಡೆದು ಆವಿಯಾದರೆ ಅಷ್ಟು ಕೆಲಸ ನಡೆಯುತ್ತದೆ. ಆದಕಾರಣ ನಾಯಿಯನ್ನು ಕೂಡಲೇ ನೆರಳಿಗೆ ಒಯ್ದು, ಕೂದಲಿನ ಬುಡ ತೋಯುವಂತೆ ತಣ್ಣೀರು ಹೊಯ್ದು, ಬೀಸಣಿಗೆಯಿಂದಲಾಗಲಿ ಫ್ಯಾನಿನಿಂದಲಾಗಲಿ ಗಾಳಿ ಹಾಕಬೇಕು. ಮೊದಲು ತಂಪುಗೊಳಿಸಿ, ಬಳಿಕ ತಡಮಾಡದೆ ಪಶುವೈದ್ಯರಲ್ಲಿಗೆ ಕರೆದೊಯ್ಯಬೇಕು.

ಹಿಮತಿನಿಸು ನಾಯಿಗೆ ಬೇಸಗೆಯ ಒಂದು ಸಣ್ಣ ಸಂತೋಷ. ಅದನ್ನು ಧಾರಾಳವಾಗಿ ಕೊಡೋಣ; ಜೊತೆಗೆ ನೆರಳನ್ನೂ, ದಿನವಿಡೀ ತುಂಬಿರುವ ನೀರಿನ ಬಟ್ಟಲನ್ನೂ ತಪ್ಪದೆ ಇಡೋಣ.