ಕ್ಷ-ಕಿರಣದ ಕಣ್ಣಿಗೆ ನಮ್ಮ ಗಣಕಯಂತ್ರ

ವಿಮಾನವೇರುವ ಮುನ್ನ ಪ್ರಯಾಣಿಕನು ದಾಟಬೇಕಾದ ಬಾಗಿಲುಗಳಲ್ಲಿ ಭದ್ರತಾ ತಪಾಸಣೆಯ ಬಾಗಿಲೇ ಎಲ್ಲಕ್ಕಿಂತ ಇಕ್ಕಟ್ಟಾದುದು. ಸೊಂಟದ ಬೆಲ್ಟು, ಕೈಗಡಿಯಾರ, ಜೇಬಿನ ಚಿಲ್ಲರೆ, ಮೊಬೈಲು ಇವೆಲ್ಲವನ್ನೂ ಟ್ರೇಯೊಳಗಿಟ್ಟು, ಚೀಲದಿಂದ ಲ್ಯಾಪ್‌ಟಾಪನ್ನು ಹೊರತೆಗೆದು ಇನ್ನೊಂದು ಟ್ರೇಯಲ್ಲಿ ಒಂಟಿಯಾಗಿ ಮಲಗಿಸಿ, ಅದು ಚಲಿಸುವ ಪಟ್ಟಿಯ ಮೇಲೆ ಕತ್ತಲೆಯ ಗವಿಯನ್ನು ಹೊಗುವುದನ್ನು ನೋಡುತ್ತ ನಿಲ್ಲಬೇಕು. ಆ ಕ್ಷಣದಲ್ಲಿ ಯಾರ ಮನಸ್ಸಿನಲ್ಲಾದರೂ ಒಂದೆರಡು ಪ್ರಶ್ನೆಗಳು ಏಳದಿರವು. ಈ ಗವಿಯೊಳಗೆ ನಡೆಯುವುದೇನು? ಲ್ಯಾಪ್‌ಟಾಪನ್ನು ಮಾತ್ರ ಏಕೆ ಹೊರತೆಗೆಯಬೇಕು? ಅದರಲ್ಲಿ ಕೂಡಿಟ್ಟ ಬರಹ, ಚಿತ್ರ, ಲೆಕ್ಕಪತ್ರಗಳು ಈ ಕಿರಣಗಳಿಂದ ಅಳಿಸಿಹೋಗಲಾರವೆ?

ಈ ಪ್ರಶ್ನೆಗಳು ನಮ್ಮನ್ನು ತೀವ್ರವಾಗಿ ಕಾಡಿದ ಸಂದರ್ಭವೊಂದನ್ನು ಮೊದಲು ಹೇಳುತ್ತೇವೆ. ಕೋಲಾರದ ಕಡೆಯ ಒಂದು ಕೆರೆಯ ನೀರಿನ ಮಟ್ಟವನ್ನು ಗಂಟೆಗೊಮ್ಮೆ ಅಳೆದು ಬರೆದಿಡುವ ಪುಟ್ಟ ಯಂತ್ರವೊಂದನ್ನು ನಾವು ಕೆಲವು ಗೆಳೆಯರು ಸೇರಿ ಕಟ್ಟಿದ್ದೆವು. ಪ್ಲಾಸ್ಟಿಕ್ ಡಬ್ಬಿಯೊಳಗೆ ಒಂದು ಸರ್ಕಿಟ್ ಹಲಗೆ, ಹೊತ್ತನ್ನು ಎಣಿಸಲು ಒಂದು ಗಡಿಯಾರದ ಚಿಪ್ಪು, ನಾಲ್ಕು ಬ್ಯಾಟರಿಗಳು, ಬಣ್ಣಬಣ್ಣದ ತಂತಿಗಳು, ಇಷ್ಟೇ ಅದರ ಸಂಸಾರ. ಮೂರು ಮಳೆಗಾಲಗಳ ಅಳತೆಗಳು ಒಂದು ಹಾರ್ಡ್ ಡಿಸ್ಕಿನಲ್ಲಿದ್ದವು. ನಮ್ಮ ಅವಿವೇಕದಿಂದ ಅದರ ಪ್ರತಿ ಬೇರೆಲ್ಲಿಯೂ ಇರಲಿಲ್ಲ. ಎರಡನ್ನೂ ಕೈಚೀಲದಲ್ಲಿಟ್ಟುಕೊಂಡು ಸಭೆಯೊಂದಕ್ಕೆ ಹೊರಟಿದ್ದಾಗ ಪಟ್ಟಿ ನಿಂತಿತು. ಚೀಲ ಹಿಂದಕ್ಕೆ ಹೋಗಿ ಮತ್ತೊಮ್ಮೆ ಗವಿಯನ್ನು ಹೊಕ್ಕಿತು. ಬಳಿಕ ಅಧಿಕಾರಿಯೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದು, “ಇದೇನು ಸಾರ್, ಅಂಗಡಿಯಲ್ಲಿ ಕೊಂಡದ್ದೋ ಮನೆಯಲ್ಲಿ ಮಾಡಿದ್ದೋ?” ಎಂದು ಕೇಳಿದರು. ಮುಂದೆ ನಡೆದುದನ್ನು ಕೊನೆಯಲ್ಲಿ ಹೇಳುವೆವು. ಅದಕ್ಕೆ ಮೊದಲು ಆ ಗವಿಯೊಳಗೆ ಇಣುಕಿ ನೋಡೋಣ.

ನೆರಳಿಗೆ ಬಣ್ಣ ಬಂದ ಬಗೆ

1895ರ ನವೆಂಬರ್ 8ರಂದು ಜರ್ಮನಿಯ ವ್ಯೂರ್ಟ್ಸ್‌ಬರ್ಗಿನಲ್ಲಿ ರಂಟ್ಜೆನ್ ಎಂಬ ವಿಜ್ಞಾನಿ, ಕಪ್ಪು ಕಾಗದ ಮುಚ್ಚಿದ ಗಾಜಿನ ಕೊಳವೆಯಿಂದ ಹೊರಟ ಯಾವುದೋ ಕಿರಣವು ದೂರದಲ್ಲಿದ್ದ ತೆರೆಯನ್ನು ಬೆಳಗಿಸಿದುದನ್ನು ಕಂಡನು. ಅದರ ಸ್ವರೂಪ ತಿಳಿಯದ ಕಾರಣ ಅಜ್ಞಾತ ರಾಶಿಯ ಸಂಕೇತವನ್ನೇ ಅದಕ್ಕೆ ಹೆಸರಾಗಿಟ್ಟನು. ಅದೇ ವರ್ಷದ ಡಿಸೆಂಬರಿನಲ್ಲಿ ಅವನ ಹೆಂಡತಿಯ ಕೈಯ ಎಲುಬುಗಳೂ ಬೆರಳಿನ ಉಂಗುರವೂ ಛಾಯಾಫಲಕದಲ್ಲಿ ಮೂಡಿದವು. ಭೌತವಿಜ್ಞಾನದ ಮೊಟ್ಟಮೊದಲ ನೊಬೆಲ್ ಬಹುಮಾನ 1901ರಲ್ಲಿ ಅವನಿಗೇ ಸಂದಿತು.

ವಿಮಾನನಿಲ್ದಾಣದ ಯಂತ್ರವೂ ಮೂಲತಃ ಇದೇ ತತ್ತ್ವದ್ದು. ಅಧಿಕ ವೋಲ್ಟೇಜಿನಿಂದ ತಳ್ಳಲ್ಪಟ್ಟ ಎಲೆಕ್ಟ್ರಾನುಗಳು ಟಂಗ್‌ಸ್ಟನ್ ಲೋಹಕ್ಕೆ ಬಡಿದಾಗ ಅವುಗಳ ಶಕ್ತಿಯ ಬಹುಪಾಲು ಶಾಖವಾಗಿ ಹೋಗುತ್ತದೆ. ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ ಕ್ಷ-ಕಿರಣವಾಗುತ್ತದೆ. ಆ ಕಿರಣವನ್ನು ಸಣ್ಣ ಸೀಳೊಂದರ ಮೂಲಕ ಬಿಟ್ಟು, ಬೀಸಣಿಗೆಯಂತೆ ಹರಡಿದ ತೆಳುವಾದ ಹಾಳೆಯನ್ನಾಗಿ ಮಾಡುತ್ತಾರೆ. ಚೀಲವು ಆ ಹಾಳೆಯನ್ನು ದಾಟಿ ಸಾಗುವಾಗ ಎದುರಿನ ಶೋಧಕಗಳ ಸಾಲು ಎಷ್ಟು ಕಿರಣ ಪಾರಾಗಿ ಬಂದಿತೆಂಬುದನ್ನು ಅಳೆಯುತ್ತದೆ. ಹೀಗೆ ಮಗ್ಗದಲ್ಲಿ ಬಟ್ಟೆ ನೇಯ್ದಂತೆ, ಗೆರೆಯ ಪಕ್ಕಕ್ಕೆ ಗೆರೆ ಸೇರಿ ಚಿತ್ರ ತಯಾರಾಗುತ್ತದೆ.

ಆದರೆ ಬರಿಯ ನೆರಳಿನಿಂದ ವಸ್ತುವಿನ ಜಾತಿ ತಿಳಿಯುವುದೆಂತು? ದಪ್ಪನಾದ ಸೋಪಿನ ಗಟ್ಟಿಯೂ ತೆಳ್ಳನೆಯ ತಗಡೂ ಒಂದೇ ಕಪ್ಪಿನ ನೆರಳನ್ನು ಕೊಡಬಹುದು. ಇಲ್ಲಿ ಒಂದು ಸೊಗಸಾದ ಉಪಾಯವುಂಟು. ಕಡಿಮೆ ಶಕ್ತಿಯ ಕಿರಣಗಳನ್ನು ತಡೆಯುವುದರಲ್ಲಿ ಪರಮಾಣು ಸಂಖ್ಯೆಯ ಪ್ರಭಾವ ಬಹಳ ಹೆಚ್ಚು. 29ನೆಯ ಸಂಖ್ಯೆಯ ತಾಮ್ರವು 6ನೆಯ ಸಂಖ್ಯೆಯ ಇಂಗಾಲಕ್ಕಿಂತ ಎಷ್ಟೋ ಪಟ್ಟು ಬಲವಾಗಿ ಅವನ್ನು ನುಂಗುತ್ತದೆ. ಹೆಚ್ಚು ಶಕ್ತಿಯ ಕಿರಣಗಳಾದರೋ ಮುಖ್ಯವಾಗಿ ವಸ್ತುವಿನ ಒತ್ತೊತ್ತನ್ನು ಮಾತ್ರ ಲೆಕ್ಕಿಸುತ್ತವೆ. ಎರಡೂ ಬಗೆಯ ಶಕ್ತಿಗಳಲ್ಲಿ ಅಳೆದು ಹೋಲಿಸಿದರೆ ದಪ್ಪದ ಭ್ರಮೆ ಕಳಚಿ, ವಸ್ತು ಯಾವ ಗುಂಪಿನದೆಂಬುದು ಹೊರಬೀಳುತ್ತದೆ. ಜಲಜನಕ, ಇಂಗಾಲ, ಸಾರಜನಕ, ಆಮ್ಲಜನಕಗಳಂಥ ಹಗುರ ಧಾತುಗಳಿಂದಾದ ವಸ್ತುಗಳಿಗೆ ಗಣಕವು ಕಿತ್ತಳೆ ಬಣ್ಣವನ್ನೂ, ಕಬ್ಬಿಣ ತಾಮ್ರಗಳಿಗೆ ನೀಲಿಯನ್ನೂ, ನಡುವಣವುಗಳಿಗೆ ಹಸಿರನ್ನೂ ಬಳಿಯುತ್ತದೆ. ಕಿರಣವೇ ಹಾಯದ ದಟ್ಟ ವಸ್ತು ಕಪ್ಪಾಗಿಯೇ ಉಳಿಯುತ್ತದೆ.

ಅಮ್ಮ ಕಟ್ಟಿಕೊಟ್ಟ ಮೈಸೂರುಪಾಕು ಕಿತ್ತಳೆ. ಹತ್ತಿಯ ಬಟ್ಟೆ, ಪುಸ್ತಕಗಳೂ ಕಿತ್ತಳೆ. ದುರ್ದೈವವಶಾತ್ ಸ್ಫೋಟಕಗಳೂ ಇವೇ ಹಗುರ ಧಾತುಗಳಿಂದಾದವು. ಅವುಗಳ ಬಣ್ಣವೂ ಕಿತ್ತಳೆಯೇ. ಆದುದರಿಂದ ಯಂತ್ರವು ತೀರ್ಪು ಕೊಡಲಾರದು. ಸಂಶಯವನ್ನು ಮಾತ್ರ ತೋರಿಸಬಲ್ಲುದು. ಬಣ್ಣ, ಆಕಾರ, ನೆರೆಹೊರೆ ಮೂರನ್ನೂ ಕೂಡಿಸಿ ನಿರ್ಣಯಿಸತಕ್ಕವರು ತೆರೆಯ ಮುಂದೆ ಕುಳಿತ ಮನುಷ್ಯರೇ.

ಲ್ಯಾಪ್‌ಟಾಪಿನ ಮೇಲೇಕೆ ಇಷ್ಟು ಕಣ್ಣು?

ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಸರಳವಾದುದು. ಲೋಹದ ಕವಚ, ತಾಮ್ರದ ಗೆರೆಗಳು ತುಂಬಿದ ಹಲಗೆ, ಒತ್ತಾಗಿ ಜೋಡಿಸಿದ ಬ್ಯಾಟರಿ ಇವೆಲ್ಲ ಸೇರಿ ಲ್ಯಾಪ್‌ಟಾಪು ಗಾಢವಾದ ನೆರಳನ್ನು ಬೀರುತ್ತದೆ. ಅದು ಚೀಲದೊಳಗೇ ಇದ್ದರೆ ಅದರ ಹಿಂದಿರುವುದು ಕಾಣದು. ಅದರ ಮೇಲೆ ಬೇರೆ ವಸ್ತುಗಳಿದ್ದರೆ ಅದರೊಳಗಿನದು ತಿಳಿಯದು. ಒಂಟಿಯಾಗಿ ಮಲಗಿಸಿದಾಗ ಮಾತ್ರ ಅದರ ಅಂಗಾಂಗಗಳು ಓದಲು ಬರುವಂತೆ ಬಿಡಿಬಿಡಿಯಾಗಿ ತೋರುತ್ತವೆ.

ಎರಡನೆಯ ಕಾರಣ ಕಣ್ಣೀರಿನದು. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಅಟ್ಲಾಂಟಿಕ್ ಸಾಗರದ ಮೇಲೆ ಸಿಡಿದು 329 ಮಂದಿ ಮಡಿದರು. ಬಾಂಬು ಸಾಮಾನಿನೊಡನೆ ಏರಿತ್ತು. ಅದೇ ದಿನ ಜಪಾನಿನ ನಾರಿಟಾ ನಿಲ್ದಾಣದಲ್ಲಿ, ರೇಡಿಯೊ ಟ್ಯೂನರಿನೊಳಗೆ ಅಡಗಿಸಿದ್ದ ಇನ್ನೊಂದು ಬಾಂಬು ಸಾಮಾನು ಹೊರುವ ಇಬ್ಬರನ್ನು ಬಲಿಗೊಂಡಿತು. 1988ರ ಡಿಸೆಂಬರ್ 21ರಂದು ಸ್ಕಾಟ್ಲೆಂಡಿನ ಲಾಕರ್ಬಿಯ ಮೇಲೆ ಪ್ಯಾನ್ ಆಮ್ ವಿಮಾನವನ್ನು ಒಡೆದ ಸ್ಫೋಟಕವಿದ್ದುದು ಒಂದು ಕ್ಯಾಸೆಟ್ ರೇಡಿಯೊದಲ್ಲಿ. ನೆಲದ ಮೇಲಿದ್ದ 11 ಮಂದಿಯೂ ಸೇರಿ 270 ಜನ ಸತ್ತರು. 2016ರ ಫೆಬ್ರುವರಿ 2ರಂದು ಸೊಮಾಲಿಯದ ಮೊಗದಿಶುವಿನಿಂದ ಹೊರಟ ವಿಮಾನದಲ್ಲಿ ಸಿಡಿದುದು ಲ್ಯಾಪ್‌ಟಾಪಿನಲ್ಲಿ ಅಡಗಿಸಿದ್ದ ಬಾಂಬೆಂದು ತನಿಖೆಗಾರರು ಹೇಳಿದರು. ವಿಮಾನ ಇನ್ನೂ ಹೆಚ್ಚು ಎತ್ತರಕ್ಕೆ ಏರಿರಲಿಲ್ಲವಾಗಿ, ಬದಿಯಲ್ಲಿ ರಂಧ್ರವಾದರೂ ಅದು ಮರಳಿ ಇಳಿಯಿತು. ವಿದ್ಯುತ್ ಉಪಕರಣವೆಂಬ ನಿರಪರಾಧಿಯ ವೇಷವನ್ನು ಮೃತ್ಯು ಎಷ್ಟೋ ಸಲ ತೊಟ್ಟಿದೆ. ಟ್ರೇಯಲ್ಲಿ ಲ್ಯಾಪ್‌ಟಾಪನ್ನಿಡಲು ಬೇಸರಪಡುವ ನಾವು ಇದನ್ನು ನೆನೆಯುವುದು ಮೇಲು.

ಈಚೆಗೆ ಈ ಬೇಸರವನ್ನೂ ನೀಗಿಸುವ ಯಂತ್ರಗಳು ಬಂದಿವೆ. 1971ರಲ್ಲಿ ಇಂಗ್ಲೆಂಡಿನ ಹೌನ್ಸ್‌ಫೀಲ್ಡ್ ರೋಗಿಯ ತಲೆಯೊಳಗಿನ ಚಿತ್ರ ತೆಗೆಯಲು ಬಳಸಿದ ಸಿ.ಟಿ. ವಿಧಾನವನ್ನೇ ಇವು ಚೀಲಕ್ಕೆ ಅನ್ವಯಿಸುತ್ತವೆ. ಎಲ್ಲ ದಿಕ್ಕುಗಳಿಂದಲೂ ನೋಡಿ, ಚೀಲವನ್ನು ಬ್ರೆಡ್ಡಿನ ಹೋಳುಗಳಂತೆ ಸೀಳಿ ತೋರಿಸುತ್ತವೆ. ಇವನ್ನು ಅಳವಡಿಸಿಕೊಂಡ ಹಲವು ನಿಲ್ದಾಣಗಳಲ್ಲಿ ಲ್ಯಾಪ್‌ಟಾಪು ಚೀಲದಲ್ಲಿಯೇ ಇರಬಹುದು.

ಬರೆದದ್ದು ಅಳಿಸುವುದೆ?

ಇನ್ನು ನಮ್ಮ ಹಾರ್ಡ್ ಡಿಸ್ಕಿನ ಮಾತು. ಅದರ ತಟ್ಟೆಯ ಮೇಲೆ ಮಾಹಿತಿ ಇರುವುದು ಸೂಕ್ಷ್ಮವಾದ ಕಾಂತಗಳ ರೂಪದಲ್ಲಿ. ಅವುಗಳ ದಿಕ್ಕನ್ನು ತಿರುಗಿಸಬೇಕಾದರೆ ಪ್ರಬಲ ಕಾಂತಕ್ಷೇತ್ರವೇ ಬೇಕು. ಹಾದುಹೋಗುವ ಕ್ಷ-ಕಿರಣಕ್ಕೆ ಆ ಸಾಮರ್ಥ್ಯವಿಲ್ಲ. ಪೆನ್ ಡ್ರೈವ್, ಮೆಮರಿ ಕಾರ್ಡುಗಳಲ್ಲಿ ಮಾಹಿತಿಯು ನಿರೋಧಕ ಪದರದೊಳಗೆ ಸೆರೆಸಿಕ್ಕ ಎಲೆಕ್ಟ್ರಾನುಗಳಾಗಿರುತ್ತದೆ. ಅಪಾರ ಪ್ರಮಾಣದ ಕಿರಣ ಬಿದ್ದರೆ ಆ ಸೆರೆ ಸಡಿಲವಾಗಬಹುದು. ಆದರೆ ಕೈಚೀಲದ ಯಂತ್ರವು ಕೊಡುವ ಪ್ರಮಾಣ ಅದರ ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ.

ಇನ್ನೊಂದು ಹೋಲಿಕೆ ವಾಚಕರಿಗೆ ವಿನೋದವೆನಿಸೀತು. ಸಾಮಾನ್ಯ ತಪಾಸಣಾ ಯಂತ್ರದಲ್ಲಿ ಚೀಲಕ್ಕೆ ತಗಲುವ ಕಿರಣ ಸುಮಾರು 10 ಮೈಕ್ರೊಸೀವರ್ಟಿಗೆ ಸಮ, ಅಥವಾ ಅದಕ್ಕೂ ಕಡಿಮೆ. ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಹಾರುವ ವಿಮಾನಕ್ಕೋ, ವಿಶ್ವಕಿರಣಗಳಿಂದ ಗಂಟೆಗೆ ಕೆಲವು ಮೈಕ್ರೊಸೀವರ್ಟುಗಳಷ್ಟು ವಿಕಿರಣ ಸಹಜವಾಗಿಯೇ ದೊರೆಯುತ್ತದೆ. ಎಂದರೆ, ದೂರದ ಪ್ರಯಾಣದಲ್ಲಿ ಗವಿಯೊಳಗೆ ತಗಲಿದುದಕ್ಕಿಂತ ಹೆಚ್ಚನ್ನು ಆಕಾಶವೇ ಕೊಡುತ್ತದೆ! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ ಹೋಮಿ ಭಾಭಾ ಅಧ್ಯಯನ ಮಾಡಿದ್ದು ಇವೇ ವಿಶ್ವಕಿರಣಗಳನ್ನು.

ನಾವು ನಡೆದು ಹಾಯುವ ಚೌಕಟ್ಟಿನಲ್ಲಿ ಕ್ಷ-ಕಿರಣವೇ ಇಲ್ಲ. ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ ಪ್ರೇರಣೆಯೇ ಅದರ ಜೀವಾಳ. ಸುರುಳಿಗಳಲ್ಲಿ ಮಿಡಿಯುವ ವಿದ್ಯುತ್ತು ದೇಹದ ಮೇಲಿನ ಲೋಹದಲ್ಲಿ ಕಿರುಸುಳಿಗಳನ್ನೆಬ್ಬಿಸುತ್ತದೆ. ಆ ಸುಳಿಗಳ ಮಾರ್ದನಿಯನ್ನು ಯಂತ್ರ ಆಲಿಸುತ್ತದೆ. ಡಿಸ್ಕನ್ನು ಅಳಿಸಲು ಈ ಕ್ಷೇತ್ರವೂ ಸಾಲದು. ನಿಜವಾಗಿ ಹೆದರಬೇಕಾದವರು ಹಳೆಯ ಫಿಲ್ಮು ಬಳಸುವ ಛಾಯಾಗ್ರಾಹಕರು. ಕಿರಣ ತಗಲಿದರೆ ಫಿಲ್ಮು ಮಸುಕಾಗುತ್ತದೆ, ಸಿ.ಟಿ. ಯಂತ್ರದಲ್ಲಂತೂ ಈ ಭಯ ಹೆಚ್ಚು. ಗಣಕಕ್ಕೆ ಇರುವ ದೊಡ್ಡ ಅಪಾಯಗಳೆಂದರೆ ಕೈಜಾರಿ ಬೀಳುವುದು, ಟ್ರೇಯಲ್ಲೇ ಮರೆತುಹೋಗುವುದು, ಕಳವಾಗುವುದು.

ಬ್ಯಾಟರಿಯೆಂಬ ಬೆಂಕಿಪೊಟ್ಟಣ

1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಮ್-ಅಯಾನ್ ಬ್ಯಾಟರಿ ಪುಟ್ಟ ದೇಹದಲ್ಲಿ ಬಹು ಶಕ್ತಿಯನ್ನು ತುಂಬಿಕೊಂಡಿದೆ. ಅದರ ಧನ ಋಣ ಧ್ರುವಗಳನ್ನು ಬೇರ್ಪಡಿಸುವುದು ಕೂದಲೆಳೆಗಿಂತ ತೆಳುವಾದ ಪ್ಲಾಸ್ಟಿಕ್ ಪೊರೆ. ಪೆಟ್ಟಿನಿಂದಲೋ ತಯಾರಿಕೆಯ ದೋಷದಿಂದಲೋ ಅದು ಹರಿದರೆ ಒಳಗೇ ವಿದ್ಯುತ್ತು ಹರಿದು ಕಾವೇರುತ್ತದೆ. ಕಾವು ರಾಸಾಯನಿಕ ಕ್ರಿಯೆಯನ್ನು ಕೆರಳಿಸುತ್ತದೆ, ಕ್ರಿಯೆ ಮತ್ತಷ್ಟು ಕಾವನ್ನು ಹುಟ್ಟಿಸುತ್ತದೆ. ಒಂದು ಕೋಶದ ಉರಿ ಪಕ್ಕದ ಕೋಶಕ್ಕೆ ದಾಟುತ್ತದೆ. ವಿಮಾನದ ಹೊಟ್ಟೆಯಲ್ಲಿರುವ ಹ್ಯಾಲಾನ್ ಅನಿಲ ಜ್ವಾಲೆಯನ್ನು ಅಡಗಿಸಬಹುದು, ಆದರೆ ಈ ಕಾವನ್ನು ತಣಿಸಲಾರದು. 2010ರ ಸೆಪ್ಟೆಂಬರ್ 3ರಂದು ದುಬೈ ಬಳಿ ಲಿಥಿಯಮ್ ಬ್ಯಾಟರಿಗಳಿದ್ದ ಸರಕು ವಿಮಾನವೊಂದು ಹೊತ್ತಿಕೊಂಡು ಇಬ್ಬರು ಚಾಲಕರು ತೀರಿಕೊಂಡರು. 2025ರ ಜನವರಿ 28ರಂದು ದಕ್ಷಿಣ ಕೊರಿಯದ ಬುಸಾನಿನಲ್ಲಿ ನೆಲದ ಮೇಲಿದ್ದ ವಿಮಾನವೊಂದು ಸುಟ್ಟಿತು. ಒಳಗಿದ್ದ 176 ಜನರೂ ಪಾರಾದರು. ಪವರ್ ಬ್ಯಾಂಕೇ ಕಾರಣವಿರಬಹುದೆಂಬುದು ತನಿಖೆಯ ಸೂಚನೆ.

ಆದಕಾರಣವೇ ಬಿಡಿ ಬ್ಯಾಟರಿ, ಪವರ್ ಬ್ಯಾಂಕುಗಳನ್ನು ಕೈಚೀಲದಲ್ಲಿಯೇ ಒಯ್ಯಬೇಕೆಂಬ ನಿಯಮ. ಕಣ್ಣೆದುರು ಹೊತ್ತಿದ ಬೆಂಕಿಗೆ ಸಿಬ್ಬಂದಿ ನೀರೆರೆದು ತಣಿಸಬಲ್ಲರು. ಮಿತಿ 100 ವ್ಯಾಟ್-ಗಂಟೆ. 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಅದನ್ನು ಮೀರಿದರೆ ಪ್ರಯಾಣಿಕರು ಒಯ್ಯುವಂತಿಲ್ಲ. ಲೆಕ್ಕ ಸುಲಭ: ಆಂಪಿಯರ್-ಗಂಟೆಯನ್ನು ವೋಲ್ಟಿನಿಂದ ಗುಣಿಸಿರಿ. 20,000 ಮಿಲಿ ಆಂಪಿಯರ್-ಗಂಟೆಯ ಪವರ್ ಬ್ಯಾಂಕೆಂದರೆ 20 ಆಂಪಿಯರ್-ಗಂಟೆ, 3.7 ವೋಲ್ಟಿನಿಂದ ಗುಣಿಸಿದರೆ 74 ವ್ಯಾಟ್-ಗಂಟೆ. ಅದು ಮಿತಿಯೊಳಗೇ ಇದೆ.

ಇಲ್ಲೊಂದು ಧರ್ಮಸಂಕಟವೂ ಉಂಟು. ಬಾಂಬಿನ ಭಯದಿಂದ ಅಮೆರಿಕವು 2017ರ ಮಾರ್ಚಿನಲ್ಲಿ ಪಶ್ಚಿಮ ಏಷ್ಯ, ಉತ್ತರ ಆಫ್ರಿಕಗಳ 10 ನಿಲ್ದಾಣಗಳಿಂದ ತನ್ನಲ್ಲಿಗೆ ಬರುವ ವಿಮಾನಗಳ ಕೋಣೆಯೊಳಗೆ ಲ್ಯಾಪ್‌ಟಾಪನ್ನು ನಿಷೇಧಿಸಿ, ಹೊಟ್ಟೆಗೆ ಹಾಕಿಸಿತು. ಬಾಂಬಿನ ಅಂಜಿಕೆ ಕೋಣೆಯಿಂದ ದೂರ ಸರಿಯಿತು. ಆದರೆ ಬೆಂಕಿಯ ಅಂಜಿಕೆ ಕೈಗೆಟುಕದ ಕಡೆ ಸೇರಿತು. ತಪಾಸಣೆ ಬಿಗಿಯಾದ ಮೇಲೆ ಅದೇ ವರ್ಷದ ಜುಲೈ ವೇಳೆಗೆ ಆ ನಿಷೇಧ ತೆರವಾಯಿತು.

ನಮ್ಮ ಡಬ್ಬಿಯ ಗತಿ

ಈಗ ನಮ್ಮ ಕತೆಗೆ ಮರಳೋಣ. ಅಧಿಕಾರಿಗಳು ಬಟ್ಟೆಯ ತುಣುಕೊಂದನ್ನು ಡಬ್ಬಿಗೆ ಒರೆಸಿ ಬೇರೊಂದು ಯಂತ್ರಕ್ಕಿಟ್ಟರು. ಅಂಥ ಯಂತ್ರವು ತುಣುಕನ್ನು ಕಾಯಿಸಿ, ಹೊರಟ ಆವಿಗೆ ವಿದ್ಯುದಂಶ ಕೊಟ್ಟು, ಕಣಗಳು ಕೊಳವೆಯೊಂದನ್ನು ದಾಟಲು ತೆಗೆದುಕೊಂಡ ಮಿಲಿಸೆಕೆಂಡುಗಳನ್ನು ಎಣಿಸುತ್ತದೆ. ಭಾರದ ಸ್ಫೋಟಕ ಅಣುಗಳು ಮೆಲ್ಲಗೆ ಸಾಗುವುದರಿಂದ ಸಿಕ್ಕಿಬೀಳುತ್ತವೆ. ನಮ್ಮ ಡಬ್ಬಿಯಲ್ಲಿ ಕೆರೆಯ ಕೆಸರಲ್ಲದೆ ಬೇರೇನು ಇದ್ದೀತು? ಯಂತ್ರ ಸುಮ್ಮನಾಯಿತು. ನಾವು ಸ್ವಲ್ಪ ಅಸಹನೆಯಿಂದಲೇ, “ಇದು ಕೆರೆಯ ನೀರು ಅಳೆಯುವುದು ಸ್ವಾಮಿ” ಎಂದೆವು. ಅವರು ನಗುತ್ತ, “ತೆರೆಯ ಮೇಲೆ ನಮಗೆ ತಂತಿ, ಬ್ಯಾಟರಿ, ಡಬ್ಬಿ ಕಾಣುತ್ತೆ ಸಾರ್. ಕೆರೆ ಕಾಣಿಸೋದಿಲ್ಲ” ಎಂದರು.

ಆ ಮಾತು ನಮ್ಮ ಅಸಹನೆಯನ್ನು ಇಳಿಸಿತು. ತಪ್ಪು ನಮ್ಮದೇ ಆಗಿತ್ತು. ಅಂದಿನಿಂದ ನಾವು ಇಂಥ ಯಂತ್ರವನ್ನು ಒಯ್ಯುವಾಗ ಬ್ಯಾಟರಿಗಳನ್ನು ಕಳಚಿ, ತುದಿಗಳಿಗೆ ಟೇಪು ಸುತ್ತಿ, ಹಲಗೆಯನ್ನು ಪಾರದರ್ಶಕ ಚೀಲದಲ್ಲಿರಿಸಿ, ಅದೇನೆಂದು ವಿವರಿಸುವ ಪತ್ರವನ್ನೂ ಜೊತೆಗಿಡುತ್ತೇವೆ. ಅಧಿಕಾರಿಗಳು ಕೇಳುವ ಮೊದಲೇ ಚೀಲದಿಂದ ಹೊರತೆಗೆದು ಟ್ರೇಯಲ್ಲಿಡುತ್ತೇವೆ. ಹಾರ್ಡ್ ಡಿಸ್ಕು ಎರಡು ಸಲ ಗವಿಯನ್ನು ಹೊಕ್ಕು ಬಂದಿತ್ತಷ್ಟೆ. ಆ ರಾತ್ರಿ ತೆರೆದು ನೋಡಿದೆವು. ಮೂರು ಮಳೆಗಾಲಗಳೂ ಒಂದು ಅಂಕೆ ಕೆಡದೆ ಅಲ್ಲಿಯೇ ಇದ್ದವು. ಮರುದಿನ ಮೊದಲು ಮಾಡಿದ ಕೆಲಸವೆಂದರೆ ಅದರ ಎರಡು ಪ್ರತಿಗಳನ್ನು ತೆಗೆದದ್ದು.