ಹೊಗೆಯ ಹಂಗೂ ಸಂಗಡಿಗರ ಬಲವೂ

ಯುಗಾದಿಯ ದಿನ ಬೇವುಬೆಲ್ಲವನ್ನು ತಿಂದು, ‘ಇಂದಿನಿಂದ ಬೀಡಿಯನ್ನು ಮುಟ್ಟುವುದಿಲ್ಲ’ ಎಂದು ಮನೆಮಂದಿಯ ಮುಂದೆ ಆಣೆಯಿಟ್ಟವರನ್ನು ನೀವು ಕಂಡಿರಬಹುದು. ಅಂಥವರಲ್ಲಿ ಅನೇಕರು ಮೂರನೆಯ ದಿನ ಹಿತ್ತಲ ಗೋಡೆಯ ಮರೆಯಲ್ಲಿ ನಿಂತು ಕಡ್ಡಿ ಗೀರುವುದನ್ನೂ ಕಂಡಿರಬಹುದು. ನೋಡಿದವರು ನಗುತ್ತಾರೆ, ‘ಇವನಿಗೆ ಮನೋಬಲ ಸಾಲದು’ ಎಂದು ತೀರ್ಪು ಕೊಡುತ್ತಾರೆ. ಈ ತೀರ್ಪು ಸರಿಯೇ? ಆಣೆಯಿಟ್ಟಾಗ ಆತನು ಸುಳ್ಳಾಡಿದನೇ? ಈ ಪ್ರಶ್ನೆಗೆ ವಿಜ್ಞಾನವು ಕೊಡುವ ಉತ್ತರವು ನಮ್ಮ ನಗೆಯನ್ನು ಅಡಗಿಸುವಂಥದು.

ಸಂಕಲೆಯ ಕೊಂಡಿ

ಹೊಗೆಸೊಪ್ಪು ಅಮೆರಿಕ ಖಂಡದ ಸಸ್ಯ. ಪೋರ್ಚುಗಲ್ಲಿನಲ್ಲಿ ಫ್ರಾನ್ಸಿನ ರಾಯಭಾರಿಯಾಗಿದ್ದ ಜಾನ್ ನಿಕೋ ಎಂಬಾತನು ೧೫೬೦ರ ಸುಮಾರಿನಲ್ಲಿ ಇದನ್ನು ತನ್ನ ದೇಶದ ಅರಮನೆಗೆ ಕಳುಹಿಸಿಕೊಟ್ಟನು. ೧೮೨೮ರಲ್ಲಿ ಜರ್ಮನಿಯ ಪೊಸೆಲ್ಟ್ ಮತ್ತು ರೈಮನ್ ಎಂಬ ಇಬ್ಬರು ವಿಜ್ಞಾನಿಗಳು ಈ ಎಲೆಯಿಂದ ಅದರ ಮುಖ್ಯ ಸಾರವಸ್ತುವನ್ನು ಬೇರ್ಪಡಿಸಿದರು. ರಾಯಭಾರಿಯ ಹೆಸರಿನಿಂದ ಬಂದ ‘ನಿಕೋಟಿನ್’ ಎಂಬ ಹೆಸರೇ ಅದಕ್ಕೆ ನಿಂತಿತು.

ಬೀಡಿಯ ಅಥವಾ ಸಿಗರೇಟಿನ ಹೊಗೆಯನ್ನು ಒಳಗೆಳೆದ ೧೦ರಿಂದ ೨೦ ಸೆಕೆಂಡುಗಳೊಳಗೆ ನಿಕೋಟಿನ್ ಶ್ವಾಸಕೋಶವನ್ನು ದಾಟಿ ಮಿದುಳನ್ನು ಮುಟ್ಟುತ್ತದೆ. ಅಲ್ಲಿನ ನರಕೋಶಗಳ ಮೇಲೆ ಅಸಿಟೈಲ್‌ಕೋಲಿನ್ ಎಂಬ ಸಹಜವಾದ ಸಂದೇಶವಸ್ತುವಿಗಾಗಿ ಏರ್ಪಟ್ಟಿರುವ ಗ್ರಾಹಕಗಳುಂಟು. ನಿಕೋಟಿನ್ ಕಳ್ಳ ಬೀಗದಕೈಯಂತೆ ಈ ಗ್ರಾಹಕಗಳನ್ನು ತೆರೆಯುತ್ತದೆ. ಆಗ ಡೋಪಮೀನ್ ಎಂಬ ಇನ್ನೊಂದು ವಸ್ತು ಸ್ರವಿಸಿ, ‘ಇದು ಹಿತವಾದದ್ದು, ಮತ್ತೆ ಮಾಡು’ ಎಂಬ ಪಾಠವನ್ನು ಮಿದುಳಿಗೆ ಕಲಿಸುತ್ತದೆ. ಪಾಠವು ಮರುಕಳಿಸಿದಂತೆಲ್ಲ ಈ ಗ್ರಾಹಕಗಳ ಸಂಖ್ಯೆಯೇ ಹೆಚ್ಚುತ್ತದೆ. ರಕ್ತದಲ್ಲಿರುವ ನಿಕೋಟಿನ್ನಿನ ಅರ್ಧಭಾಗವು ಸುಮಾರು ಎರಡು ಗಂಟೆಗಳಲ್ಲಿ ಕರಗಿಹೋಗುವುದರಿಂದ ಗ್ರಾಹಕಗಳು ಮತ್ತೆ ಮತ್ತೆ ಬರಿದಾಗಿ ಕೂಗಿಡುತ್ತವೆ. ಬೆಳಗ್ಗೆ ಎದ್ದೊಡನೆ ಕೈ ಬೀಡಿಯ ಕಟ್ಟನ್ನು ಹುಡುಕುವುದು ಈ ಕಾರಣದಿಂದಲೇ.

ಹೊಗೆಯನ್ನು ನಿಲ್ಲಿಸಿದವನಿಗೆ ಸಿಡುಕು, ಚಡಪಡಿಕೆ, ಮನಸ್ಸು ನಿಲ್ಲದಿರುವಿಕೆ, ನಿದ್ರಾಭಂಗ ಇವೆಲ್ಲ ಕಾಣಿಸಿಕೊಳ್ಳುತ್ತವೆ. ಇವು ಮೊದಲ ಎರಡು ಮೂರು ದಿನಗಳಲ್ಲಿ ತುತ್ತತುದಿಗೇರಿ, ಮೂರು ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಇಳಿಯುತ್ತವೆ. ಹಿತ್ತಲಿನಲ್ಲಿ ಕಡ್ಡಿ ಗೀರಿದವನು ತನ್ನ ಶರೀರದ ಅತ್ಯಂತ ಕಷ್ಟದ ಗಳಿಗೆಯಲ್ಲಿ ಒಬ್ಬನೇ ನಿಂತಿದ್ದನು. ಇನ್ನೆರಡು ದಿನ ಹೇಗಾದರೂ ಕಳೆದಿದ್ದರೆ ಇಳಿಜಾರಿನ ದಾರಿ ಆರಂಭವಾಗುತ್ತಿತ್ತು. ಯಾರ ಸಹಾಯವೂ ಇಲ್ಲದೆ ಒಂದು ಸಲ ಪ್ರಯತ್ನಿಸುವ ನೂರು ಮಂದಿಯಲ್ಲಿ ಆರು ತಿಂಗಳು ಕಳೆದ ಮೇಲೂ ಗೆದ್ದು ನಿಲ್ಲುವವರು ಮೂವರಿಂದ ಐವರು ಮಾತ್ರ.

ಬಿಡುವುದರಿಂದ ಬರುವ ಲಾಭ

ಇಷ್ಟು ಕಷ್ಟಪಟ್ಟು ಬಿಡಬೇಕೇಕೆ? ಸಂಕಲೆ ನಿಕೋಟಿನ್ನಿನದಾದರೂ ಕೊಲೆಯ ಕೆಲಸವು ಬಹುಪಾಲು ಹೊಗೆಯದು. ಹೊಗೆಯಲ್ಲಿ ಏಳು ಸಾವಿರಕ್ಕೂ ಮಿಕ್ಕ ರಾಸಾಯನಿಕಗಳಿದ್ದು, ಅವುಗಳಲ್ಲಿ ಸುಮಾರು ಎಪ್ಪತ್ತು ಕ್ಯಾನ್ಸರನ್ನು ತರಬಲ್ಲವು. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲವು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಹಟದಿಂದ ರಕ್ತಕ್ಕೆ ಅಂಟಿಕೊಳ್ಳುತ್ತದೆ.

ಲಂಡನ್ನಿನಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬವರು ಶ್ವಾಸಕೋಶದ ಕ್ಯಾನ್ಸರಿನ ಕಾರಣವನ್ನು ಹುಡುಕಹೊರಟಾಗ ಡಾಲ್ ಅವರ ಸಂಶಯವು ಮೋಟಾರುಗಳ ಹೊಗೆಯ ಮೇಲೆ ಹಾಗೂ ರಸ್ತೆಗೆ ಬಳಿಯುವ ಟಾರಿನ ಮೇಲೆ ಇತ್ತು. ಅಂಕಿಅಂಶಗಳು ಬೊಟ್ಟುಮಾಡಿದ್ದು ಸಿಗರೇಟನ್ನು. ಸ್ವತಃ ಸಿಗರೇಟು ಸೇದುತ್ತಿದ್ದ ಡಾಲ್ ಅದನ್ನು ಅಲ್ಲಿಗೇ ಬಿಟ್ಟರು. ಫಲಿತಾಂಶವು ೧೯೫೦ರಲ್ಲಿ ಪ್ರಕಟವಾಯಿತು. ೧೯೫೧ರಲ್ಲಿ ಬ್ರಿಟನ್ನಿನ ವೈದ್ಯರಿಗೆ ಪತ್ರ ಬರೆದು ಆರಂಭಿಸಿದ ಇನ್ನೊಂದು ಅಧ್ಯಯನವು ೩೪,೦೦೦ಕ್ಕೂ ಹೆಚ್ಚು ಮಂದಿ ಪುರುಷ ವೈದ್ಯರನ್ನು ಐವತ್ತು ವರ್ಷ ಹಿಂಬಾಲಿಸಿತು. ೨೦೦೪ರಲ್ಲಿ ಬಂದ ಅದರ ಫಲಿತಾಂಶದಂತೆ, ಸಿಗರೇಟನ್ನು ಬಿಡದೆ ಸೇದಿದವರು ಎಂದೂ ಸೇದದವರಿಗಿಂತ ಸರಾಸರಿ ಹತ್ತು ವರ್ಷ ಮೊದಲೇ ಸತ್ತರು. ಅರವತ್ತರಲ್ಲಿ ಬಿಟ್ಟವರು ಸುಮಾರು ಮೂರು ವರ್ಷಗಳನ್ನು, ಐವತ್ತರಲ್ಲಿ ಬಿಟ್ಟವರು ಆರನ್ನು, ನಲವತ್ತರಲ್ಲಿ ಬಿಟ್ಟವರು ಒಂಬತ್ತನ್ನು ಮರಳಿ ಪಡೆದರು. ಮೂವತ್ತರಲ್ಲಿ ಬಿಟ್ಟವರು ಹೆಚ್ಚುಕಡಮೆ ಹತ್ತನ್ನೂ ಉಳಿಸಿಕೊಂಡರು. ನಿಮ್ಮ ತಂದೆಯವರಿಗೆ ಐವತ್ತಾಗಿದ್ದರೆ, ‘ಇನ್ನು ಬಿಟ್ಟು ಪ್ರಯೋಜನವೇನು?’ ಎಂಬ ಮಾತಿಗೆ ಇದೇ ಉತ್ತರ.

ಒಬ್ಬನು ಬಿಟ್ಟರೆ ಮತ್ತೊಬ್ಬನು

ಅಮೆರಿಕದ ಮಸಾಚುಸೆಟ್ಸ್ ಸಂಸ್ಥಾನದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ೧೯೪೮ರಿಂದ ಹೃದ್ರೋಗದ ಬಗ್ಗೆ ದೀರ್ಘವಾದ ಪರಿಶೀಲನೆ ನಡೆದುಬಂದಿದೆ. ಪರೀಕ್ಷೆಗೆ ಬರುವವರು ಊರು ಬಿಟ್ಟುಹೋದರೆ ಪತ್ತೆಹಚ್ಚಲೆಂದು ಬಂಧುಗಳ ಮತ್ತು ಒಬ್ಬ ಸ್ನೇಹಿತನ ಹೆಸರನ್ನು ಅಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಕ್ರಿಸ್ಟಾಕಿಸ್ ಮತ್ತು ಫೌಲರ್ ಎಂಬ ವಿದ್ವಾಂಸರು ಈ ಹಳೆಯ ಕಾಗದಗಳಿಂದ ೧೨,೦೬೭ ಮಂದಿಯ ಸಂಬಂಧಗಳ ಜಾಲವನ್ನು ಹೆಣೆದು, ೧೯೭೧ರಿಂದ ೨೦೦೩ರವರೆಗಿನ ಅವರ ಧೂಮಪಾನದ ವೃತ್ತಾಂತವನ್ನು ೨೦೦೮ರಲ್ಲಿ ಪ್ರಕಟಿಸಿದರು. ಜನರು ಒಬ್ಬೊಬ್ಬರಾಗಿ ಅಲ್ಲ, ಗುಂಪುಗುಂಪಾಗಿ ಹೊಗೆಯನ್ನು ಬಿಟ್ಟಿದ್ದರು! ಪತಿ ಅಥವಾ ಪತ್ನಿ ಬಿಟ್ಟಾಗ ಇನ್ನೊಬ್ಬರು ಸೇದುವ ಸಂಭವವು ಶೇಕಡಾ ೬೭ರಷ್ಟು ಕಡಿಮೆಯಾಗಿತ್ತು. ಸ್ನೇಹಿತನು ಬಿಟ್ಟಾಗ ೩೬ರಷ್ಟು, ಒಡಹುಟ್ಟಿದವರು ಬಿಟ್ಟಾಗ ೨೫ರಷ್ಟು ಇಳಿದಿತ್ತು.

ಸಮಾನ ಸ್ವಭಾವದವರೇ ಸ್ನೇಹಿತರಾಗುವುದುಂಟಾದುದರಿಂದ, ಇದರಲ್ಲಿ ಪ್ರಭಾವದ ಪಾಲೆಷ್ಟು, ಆಯ್ಕೆಯ ಪಾಲೆಷ್ಟು ಎಂಬುದನ್ನು ಬೇರ್ಪಡಿಸುವುದು ಸುಲಭವಲ್ಲವೆಂದು ಕೆಲವರು ಆಕ್ಷೇಪಿಸಿದ್ದಾರೆ. ಆಕ್ಷೇಪಣೆ ನ್ಯಾಯವಾದುದೇ. ಆದರೆ ಬೇರೊಂದು ಬಗೆಯ ಪ್ರಮಾಣವೂ ಉಂಟು. ಚೀಟಿಯೆತ್ತಿದಂತೆ ಜನರನ್ನು ವಿಂಗಡಿಸಿ, ಕೆಲವರಿಗೆ ಕೇವಲ ಪುಸ್ತಿಕೆಯನ್ನೂ ಕೆಲವರಿಗೆ ಗುಂಪಿನಲ್ಲಿ ಕೂಡಿ ಮಾತನಾಡುವ ಅವಕಾಶವನ್ನೂ ಕೊಟ್ಟು ನಡೆಸಿದ ಪ್ರಯೋಗಗಳಲ್ಲಿ, ಗುಂಪಿನವರು ಹೆಚ್ಚುಕಡಮೆ ಇಮ್ಮಡಿ ಸಂಖ್ಯೆಯಲ್ಲಿ ಗೆದ್ದರು. ಪಕ್ಕದಲ್ಲಿ ಕುಳಿತವನೂ ಅದೇ ಚಡಪಡಿಕೆಯನ್ನು ಪಟ್ಟು ದಾಟಿದ್ದಾನೆಂದು ತಿಳಿದಾಗ ಹುಟ್ಟುವ ಧೈರ್ಯವು ಪುಸ್ತಿಕೆಯಿಂದ ಹುಟ್ಟದು.

ನೀವು ಮಾಡಬಹುದಾದದ್ದು

೨೦೧೬-೧೭ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಶೇಕಡಾ ೨೨.೮ ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕನ್ನು ಬಳಸುತ್ತಿದ್ದರು. ಆದುದರಿಂದ ಬಿಡಲೆತ್ನಿಸುವ ಒಬ್ಬರಾದರೂ ನಿಮ್ಮ ಮನೆಯಲ್ಲಿಯೋ ಬೀದಿಯಲ್ಲಿಯೋ ಇದ್ದೇ ಇರುವರು. ಅವರಿಗೆ ನೀವು ಜೊತೆಗಾರರಾಗಬಲ್ಲಿರಿ. ಬಿಡುವ ದಿನವನ್ನು ಅವರೇ ಗೊತ್ತುಮಾಡಲಿ. ಮೊದಲ ಮೂರು ದಿನ ನೀವು ಹತ್ತಿರವಿರಿ. ಸೇದಬೇಕೆಂಬ ತವಕವು ಅಲೆಯಂತೆ ಎದ್ದು ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಆ ಹೊತ್ತಿನಲ್ಲಿ ಒಂದು ಲೋಟ ನೀರು, ನಾಲ್ಕು ಹೆಜ್ಜೆಯ ನಡಿಗೆ, ಒಂದಿಷ್ಟು ಮಾತು ಸಾಕು. ಕಾಫಿ ಕುಡಿದೊಡನೆ ಬೀಡಿ ಹಚ್ಚುವ ರೂಢಿಯಿದ್ದರೆ ಕಾಫಿಯ ಜಾಗವನ್ನು ಬದಲಿಸಿರಿ. ಪತ್ತೇದಾರಿಕೆ ಮಾಡಬೇಡಿ, ಹಂಗಿಸಬೇಡಿ. ಬೈಗುಳಕ್ಕಿಂತ ಪ್ರೋತ್ಸಾಹವು ಹೆಚ್ಚಾಗಿರುವ ಮನೆಗಳಲ್ಲಿ ಬಿಟ್ಟವರು ಬಿಟ್ಟಂತೆಯೇ ಉಳಿಯುವುದು ಹೆಚ್ಚೆಂದು ಮನೋವಿಜ್ಞಾನಿಗಳು ಕಂಡಿದ್ದಾರೆ.

ನಿಮ್ಮ ಸ್ನೇಹಕ್ಕೆ ಮೀರಿದ ಕಷ್ಟವಾದರೆ ಬಲ್ಲವರ ನೆರವುಂಟು. ೨೦೦೨ರಲ್ಲಿ ದೇಶದಲ್ಲಿ ತೆರೆದ ಹದಿಮೂರು ತಂಬಾಕು ಬಿಡಿಸುವ ಚಿಕಿತ್ಸಾಲಯಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಕಿದ್ವಾಯಿ ಸಂಸ್ಥೆಗಳೂ ಇದ್ದವು. ೨೦೧೬ರಲ್ಲಿ ಆರಂಭವಾದ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ ೧೮೦೦-೧೧-೨೩೫೬, ಇದಕ್ಕೆ ಶುಲ್ಕವಿಲ್ಲ. ವೈದ್ಯರ ಸಲಹೆಯಂತೆ ಬಳಸುವ ನಿಕೋಟಿನ್ ಚೂಯಿಂಗ್ ಗಮ್ ಮತ್ತು ಪಟ್ಟಿಗಳು ಹೊಗೆಯ ವಿಷವಿಲ್ಲದೆ ತವಕವನ್ನು ತಗ್ಗಿಸಿ, ಗೆಲುವಿನ ಸಂಭವವನ್ನು ಒಂದೂವರೆ ಪಟ್ಟು ಹೆಚ್ಚಿಸುತ್ತವೆ.

ಒಂದು ಮಾತನ್ನು ಮರೆಯಬಾರದು. ಹೊಗೆಯಿಂದ ಬಿಡಿಸುವ ಸ್ನೇಹದ ಸರಪಣಿಯೇ ಹೊಗೆಯೊಳಕ್ಕೆ ಎಳೆಯುವ ಸರಪಣಿಯೂ ಹೌದು. ಕಾಲೇಜಿನ ಮೂಲೆಯಲ್ಲಿ ಮೊದಲ ಸಿಗರೇಟನ್ನು ನೀಡುವವನು ಸಾಮಾನ್ಯವಾಗಿ ವೈರಿಯಲ್ಲ, ಮಿತ್ರನೇ. ಅಲ್ಲಿ ನೀವು ‘ಬೇಡ’ ಎಂದರೆ, ಹೇಳಲು ಹಿಂಜರಿಯುತ್ತಿದ್ದ ಇನ್ನೊಬ್ಬನಿಗೂ ಬಾಯಿ ಬರುತ್ತದೆ.

ಇನ್ನು ಹಿತ್ತಲ ಗೋಡೆಯ ಮರೆಯಲ್ಲಿ ನಿಂತವರ ವಿಚಾರ. ಬಹುಮಂದಿ ಹಲವು ಸಲ ಸೋತ ಮೇಲೆಯೇ ಗೆಲ್ಲುತ್ತಾರೆ. ಮೂರನೆಯ ದಿನ ಹಚ್ಚಿದ ಒಂದು ಬೀಡಿಯಿಂದ ಆಣೆ ಹಾಳಾಗಲಿಲ್ಲ. ಮುಂದಿನ ಸಲ ಕಡ್ಡಿ ಗೀರುವ ಸದ್ದು ಕೇಳಿದಾಗ ನಗದೆ ಅಲ್ಲಿಗೆ ಹೋಗಿ, ‘ನಾಳೆ ಬೆಳಗ್ಗೆ ಮತ್ತೆ ಮೊದಲಿನಿಂದ ಎಣಿಸೋಣ’ ಎಂದು ಹೇಳಿರಿ.