ಹಾಲಿನ ಹುಳಿ: ಅಳೆಯುವ ಬಗೆ ಮತ್ತು ಅದರ ಅರ್ಥ

ನಗರಗಳಲ್ಲಿ ವಾಸಿಸುವವರಿಗೆ ಹಾಲು ದೂರದ ಹಳ್ಳಿಗಳಿಂದ, ಹಲವು ಕೈಗಳನ್ನು ದಾಟಿ ಬರುವ ಆಹಾರ. ಬೆಳಗಿನ ಹಾಲು ಒಲೆಯ ಮೇಲೆ ಒಡೆದುಹೋದರೆ ಗೃಹಿಣಿಗೆ ನಷ್ಟ. ಸಂಗ್ರಹಣ ಕೇಂದ್ರದಲ್ಲಿ ಹಾಲು ಹುಳಿಯೆಂದು ತಿರಸ್ಕೃತವಾದರೆ ಉತ್ಪಾದಕನಿಗೆ ಒಂದು ಹೊತ್ತಿನ ದುಡಿಮೆಯೇ ನಷ್ಟ. ಇಬ್ಬರ ಹಿತವೂ ಒಂದು ಸರಳ ರಾಸಾಯನಿಕ ಪರೀಕ್ಷೆಯನ್ನು ಅವಲಂಬಿಸಿದೆ. ಅದರ ತತ್ತ್ವವನ್ನು ಸಾರ್ವಜನಿಕರು ಅರಿತಿರುವುದು ಉಪಯುಕ್ತ.

ದುರ್ಬಲ ಆಮ್ಲವೆಂದರೇನು?

ನೀರಿನಲ್ಲಿ ಕರಗಿದಾಗ ಹೈಡ್ರೋಜನ್ ಅಯಾನುಗಳನ್ನು ಬಿಟ್ಟುಕೊಡುವ ವಸ್ತುವನ್ನು ಆಮ್ಲವೆನ್ನುತ್ತೇವೆ. ಹೈಡ್ರೋಕ್ಲೋರಿಕ್ ಆಮ್ಲದಂತಹ ಪ್ರಬಲ ಆಮ್ಲಗಳು ಸಂಪೂರ್ಣವಾಗಿ ವಿಭಜನೆ ಹೊಂದುತ್ತವೆ. ಹುಣಿಸೆ, ನಿಂಬೆ, ಮೊಸರು ಇವುಗಳಲ್ಲಿರುವ ಆಮ್ಲಗಳಾದರೋ ದುರ್ಬಲವಾದವು. ಅವುಗಳ ಅಣುಗಳಲ್ಲಿ ಒಂದು ಪಾಲು ಮಾತ್ರ ವಿಭಜನೆ ಹೊಂದಿ, ಉಳಿದವು ಹಾಗೆಯೇ ಇರುತ್ತವೆ.

ಹುಳಿಯಾದ ಹಾಲಿನಿಂದ ಲ್ಯಾಕ್ಟಿಕ್ ಆಮ್ಲವನ್ನು 1780ರಲ್ಲಿ ಮೊದಲು ಬೇರ್ಪಡಿಸಿದವನು ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಷೀಲೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಬ್ಯಾಕ್ಟೀರಿಯಾಗಳು ಈ ಆಮ್ಲವಾಗಿ ಪರಿವರ್ತಿಸುತ್ತವೆ. ಕರೆದ ಹಾಲನ್ನು ಕೂಡಲೇ ತಂಪುಗೊಳಿಸದಿದ್ದರೆ ಈ ಕ್ರಿಯೆ ವೇಗವಾಗಿ ಸಾಗುತ್ತದೆ.

ಹಾಲು ಒಂದು ಬಫರ್

ಆಮ್ಲವನ್ನಾಗಲಿ ಪ್ರತ್ಯಾಮ್ಲವನ್ನಾಗಲಿ ಸ್ವಲ್ಪ ಪ್ರಮಾಣದಲ್ಲಿ ಸೇರಿಸಿದಾಗ ತನ್ನ ಪಿಎಚ್ ಮೌಲ್ಯವನ್ನು ಹೆಚ್ಚು ಬದಲಿಸಿಕೊಳ್ಳದ ದ್ರಾವಣಕ್ಕೆ ಬಫರ್ ಎಂದು ಹೆಸರು. ದುರ್ಬಲ ಆಮ್ಲವೂ ಅದರ ಲವಣವೂ ಒಟ್ಟಿಗಿದ್ದಾಗ ಈ ಗುಣ ಉಂಟಾಗುತ್ತದೆ. ಸೇರಿದ ಆಮ್ಲವನ್ನು ಲವಣವು, ಸೇರಿದ ಪ್ರತ್ಯಾಮ್ಲವನ್ನು ಆಮ್ಲವು ಹೀರಿಕೊಳ್ಳುತ್ತದೆ.

ತಾಜಾ ಹಾಲಿನ ಪಿಎಚ್ ಸುಮಾರು 6.6ರಿಂದ 6.8. ಅದರಲ್ಲಿರುವ ಫಾಸ್ಫೇಟು, ಸಿಟ್ರೇಟುಗಳೂ ಕೇಸೀನ್ ಎಂಬ ಪ್ರೋಟೀನೂ ಬಫರ್‌ಗಳಾಗಿ ವರ್ತಿಸುತ್ತವೆ. ಒಂದು ಲೀಟರ್ ಶುದ್ಧ ನೀರಿಗೆ 0.81 ಗ್ರಾಂ ಲ್ಯಾಕ್ಟಿಕ್ ಆಮ್ಲವನ್ನು ಸೇರಿಸಿದರೆ ಪಿಎಚ್ 7ರಿಂದ ಸುಮಾರು 3ಕ್ಕೆ ಇಳಿಯುತ್ತದೆ. ಅಷ್ಟೇ ಆಮ್ಲ ಒಂದು ಲೀಟರ್ ಹಾಲಿನಲ್ಲಿ ಹುಟ್ಟಿದಾಗ ಆಗುವ ಇಳಿತ ಒಂದು ಅಂಕಕ್ಕಿಂತಲೂ ಕಡಿಮೆ. ಆದುದರಿಂದಲೇ ಕೆಡಲಾರಂಭಿಸಿದ ಹಾಲು ನಾಲಿಗೆಗೆ ಸುಲಭವಾಗಿ ಗೊತ್ತಾಗುವುದಿಲ್ಲ. ಪಿಎಚ್ ಮೌಲ್ಯವನ್ನಷ್ಟೇ ನೋಡದೆ, ಒಟ್ಟು ಆಮ್ಲದ ಪ್ರಮಾಣವನ್ನು ಅಳೆಯುವ ಅಗತ್ಯ ಒದಗುವುದೂ ಇದರಿಂದಲೇ.

ಅನುಮಾಪನ ಮತ್ತು ಲೆಕ್ಕಾಚಾರ

ಪ್ರಮಾಣ ಗೊತ್ತಿರುವ ದ್ರಾವಣವನ್ನು ಹನಿಹನಿಯಾಗಿ ಸೇರಿಸಿ, ಗೊತ್ತಿಲ್ಲದ ಪ್ರಮಾಣವನ್ನು ಕಂಡುಹಿಡಿಯುವ ವಿಧಾನವೇ ಅನುಮಾಪನ. ಪಿಪೆಟ್ಟಿನಿಂದ 10 ಮಿಲಿಲೀಟರ್ ಹಾಲನ್ನು ತೆಗೆದುಕೊಂಡು, ಅದಕ್ಕೆ ಫಿನಾಲ್ಫ್ಥಲೀನ್ ಸೂಚಕದ ಕೆಲವು ಹನಿಗಳನ್ನು ಹಾಕುತ್ತಾರೆ. ಅನಂತರ ಬ್ಯೂರೆಟ್ಟಿನಿಂದ 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ಬಿಡುತ್ತಾ ಕಲಕುತ್ತಾರೆ. ನಸುಗೆಂಪು ಛಾಯೆ ಕಾಣಿಸಿಕೊಂಡು ಸ್ವಲ್ಪ ಹೊತ್ತು ಉಳಿದರೆ ಅದೇ ಅಂತ್ಯಬಿಂದು.

ಸೂಚಕದ ಆಯ್ಕೆ ಆಕಸ್ಮಿಕವಾದುದಲ್ಲ. ದುರ್ಬಲ ಆಮ್ಲವನ್ನು ಪ್ರಬಲ ಪ್ರತ್ಯಾಮ್ಲದಿಂದ ತಟಸ್ಥಗೊಳಿಸಿದಾಗ ಸಮಾನತೆಯ ಬಿಂದುವಿನಲ್ಲಿ ಪಿಎಚ್ 7ಕ್ಕಿಂತ ಮೇಲಿರುತ್ತದೆ. ಫಿನಾಲ್ಫ್ಥಲೀನ್ ಬಣ್ಣ ಬದಲಿಸಲು ತೊಡಗುವುದು 8.3ರ ಸುಮಾರಿಗೆ. ಮೀಥೈಲ್ ಆರೆಂಜ್ ಬಣ್ಣ ಬದಲಿಸುವುದು 3.1 ಮತ್ತು 4.4ರ ನಡುವೆ, ತಾಜಾ ಹಾಲು ಆ ಮಿತಿಯನ್ನು ಮೊದಲೇ ಮೀರಿರುವುದರಿಂದ ಆ ಸೂಚಕ ಇಲ್ಲಿ ನಿರುಪಯುಕ್ತ.

ಲ್ಯಾಕ್ಟಿಕ್ ಆಮ್ಲದ ಅಣುತೂಕ 90. ಆದುದರಿಂದ 0.1 ನಾರ್ಮಲ್ ದ್ರಾವಣದ 1 ಮಿಲಿಲೀಟರ್, 0.009 ಗ್ರಾಂ ಲ್ಯಾಕ್ಟಿಕ್ ಆಮ್ಲಕ್ಕೆ ಸಮ. ಕರೆದ ಕೂಡಲೇ ಪರೀಕ್ಷಿಸಿದ ಹಾಲಿಗೆ 1.5 ಮಿಲಿಲೀಟರ್ ಖರ್ಚಾಯಿತೆಂದು ಭಾವಿಸೋಣ. 1.5ನ್ನು 0.009ರಿಂದ ಗುಣಿಸಿದರೆ 0.0135 ಗ್ರಾಂ. ಇದು 10 ಮಿಲಿಲೀಟರಿನಲ್ಲಿರುವುದು. 100 ಮಿಲಿಲೀಟರಿಗೆ 0.135 ಗ್ರಾಂ. ಅದೇ ಹಾಲು ಬಿಸಿಲಿನಲ್ಲಿ ಪ್ರಯಾಣ ಮಾಡಿದ ಮೇಲೆ 2.4 ಮಿಲಿಲೀಟರನ್ನು ಬೇಡಿದರೆ ಆಮ್ಲತೆ 0.216 ಗ್ರಾಂ ಆಯಿತು. ವ್ಯತ್ಯಾಸ 0.081 ಗ್ರಾಂ. ಅಂದರೆ 40 ಲೀಟರಿನ ಒಂದು ಕ್ಯಾನಿನಲ್ಲಿ ಸುಮಾರು 32 ಗ್ರಾಂ ಹೊಸ ಆಮ್ಲ ಹುಟ್ಟಿದೆ. ಇಂತಹ ಹಾಲು ಕಾಯಿಸಿದಾಗ ಒಡೆಯುವ ಸಂಭವ ಹೆಚ್ಚು.

ಒಂದು ಎಚ್ಚರಿಕೆ

ತಾಜಾ ಹಾಲಿನಲ್ಲಿ ಲ್ಯಾಕ್ಟಿಕ್ ಆಮ್ಲ ಬಹುತೇಕ ಇರುವುದೇ ಇಲ್ಲ. ಮೊದಲ ಪರೀಕ್ಷೆಯಲ್ಲಿ ಖರ್ಚಾದ 1.5 ಮಿಲಿಲೀಟರ್, ಮೇಲೆ ಹೇಳಿದ ಬಫರ್ ವಸ್ತುಗಳನ್ನು ಅಂತ್ಯಬಿಂದುವಿಗೆ ತರಲು ವ್ಯಯವಾದುದು. ಇದನ್ನು ಸಹಜ ಆಮ್ಲತೆಯೆಂದೂ, ಬ್ಯಾಕ್ಟೀರಿಯಾಗಳಿಂದ ಹುಟ್ಟಿದುದನ್ನು ವರ್ಧಿತ ಆಮ್ಲತೆಯೆಂದೂ ಕರೆಯುತ್ತಾರೆ. ಪ್ರೋಟೀನು, ಲವಣಗಳು ಹೆಚ್ಚಾಗಿರುವ ಗಟ್ಟಿ ಹಾಲಿನ ಸಹಜ ಆಮ್ಲತೆಯೂ ಹೆಚ್ಚು. ಆದಕಾರಣ ಅನುಮಾಪನದ ಒಂದು ಅಂಕಿಯನ್ನು ಮಾತ್ರ ನೋಡಿ ಹಾಲು ಕೆಟ್ಟಿದೆಯೆಂದು ತೀರ್ಮಾನಿಸುವುದು ಉತ್ಪಾದಕನಿಗೆ ಅನ್ಯಾಯವಾದೀತು. ಹಾಲನ್ನು ಕುದಿಸಿ ನೋಡುವ ಪರೀಕ್ಷೆ ಮತ್ತು ಆಲ್ಕೋಹಾಲ್ ಪರೀಕ್ಷೆಗಳನ್ನು ಜೊತೆಯಲ್ಲಿ ನಡೆಸುವುದು ಈ ಕಾರಣಕ್ಕಾಗಿಯೇ.

ಇನ್ನೊಂದು ಕಡೆ, ಹುಳಿಯನ್ನು ಮರೆಮಾಚಲು ಸೋಡಾ ಬೆರೆಸುವವರೂ ಉಂಟು. ಆಗ ಅನುಮಾಪನದ ಅಂಕಿ ತಗ್ಗುತ್ತದೆಯೇ ಹೊರತು ಬ್ಯಾಕ್ಟೀರಿಯಾಗಳು ತಗ್ಗುವುದಿಲ್ಲ. ಇಂತಹ ಹಾಲಿಗೆ ಆಲ್ಕೋಹಾಲ್ ಮತ್ತು ರೊಸಾಲಿಕ್ ಆಮ್ಲವನ್ನು ಸೇರಿಸಿದರೆ ಗುಲಾಬಿ ಕೆಂಪು ಬಣ್ಣ ಬರುತ್ತದೆ. ಶುದ್ಧ ಹಾಲು ಕಂದು ಹಳದಿಯಾಗುತ್ತದೆ.

ಗ್ರಾಹಕರ ಹಕ್ಕು

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ, 2006ರ 40ನೆಯ ಪ್ರಕರಣದನ್ವಯ ಯಾವುದೇ ಗ್ರಾಹಕರು ತಾವು ಕೊಂಡ ಆಹಾರವನ್ನು, ನಿಗದಿತ ಶುಲ್ಕ ತೆತ್ತು, ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಪರೀಕ್ಷೆ ಮಾಡಿಸುವ ಉದ್ದೇಶವನ್ನು ಕೊಳ್ಳುವ ಸಮಯದಲ್ಲೇ ಮಾರಾಟಗಾರರಿಗೆ ತಿಳಿಸಬೇಕು. ಆಹಾರವು ಕಾಯಿದೆಗೆ ಅನುಗುಣವಾಗಿಲ್ಲವೆಂದು ವರದಿಯಾದರೆ ಶುಲ್ಕವನ್ನು ಹಿಂದಿರುಗಿಸಲಾಗುವುದು.

ಕೊಂಡ ಹಾಲನ್ನು ತಡಮಾಡದೆ ತಂಪಾದ ಜಾಗದಲ್ಲಿಡುವುದು, ಪಾತ್ರೆಗಳನ್ನು ಬಿಸಿನೀರಿನಲ್ಲಿ ತೊಳೆಯುವುದು, ನಿನ್ನೆಯ ಹಾಲನ್ನು ಇಂದಿನದರೊಡನೆ ಬೆರೆಸದಿರುವುದು ಇವು ಮನೆಯಲ್ಲಿ ಪಾಲಿಸಬೇಕಾದ ಕ್ರಮಗಳು. ಹಾಲಿನ ಬಫರ್ ಗುಣ ಹುಳಿಯನ್ನು ಕೆಲಕಾಲ ಮರೆಸಬಲ್ಲದು, ತಡೆಯಲಾರದು; ತಡೆಯುವುದು ಶುಚಿತ್ವ ಮತ್ತು ತಂಪುಗಳಿಂದ ಮಾತ್ರ ಸಾಧ್ಯ.